ನೂರರಲ್ಲಿ ನಲವತ್ತು: ಮಿಷಿಗನ್ ಸರೋವರದ ಟ್ರೌಟ್ ಮೀನಿನ ಸಾವಿನ ಲೆಕ್ಕ

ಮೀನಿನ ಬೆನ್ನ ಮೇಲೆ, ಬಾಲಕ್ಕೆ ತುಸು ಮುಂಚೆ, ಕಿರುಬೆರಳ ಉಗುರಿನಂಥ ಒಂದು ಪುಟ್ಟ ರೆಕ್ಕೆ ಇರುತ್ತದೆ. ಮುಳ್ಳಿಲ್ಲ, ಮೂಳೆಯಿಲ್ಲ, ಮುಟ್ಟಿದರೆ ಮೆತ್ತಗಿನ ಚರ್ಮದ ತುಣುಕು ಅಷ್ಟೇ. ಮಿಷಿಗನ್ ಸರೋವರದಲ್ಲಿ ಲೇಕ್ ಟ್ರೌಟ್ ಹಿಡಿದು ದಡಕ್ಕೆ ತಂದಾಗ, ವಿಷಯ ಬಲ್ಲವರ ಕಣ್ಣು ಮೊದಲು ಹೋಗೋದು ಅಲ್ಲಿಗೇ. ಆ ರೆಕ್ಕೆ ಇಲ್ಲ ಅಂದರೆ ಅದು ಹ್ಯಾಚರಿಯ, ಅಂದರೆ ಮರಿ ಮಾಡಿಸಿ ಸಾಕುವ ಕೇಂದ್ರದ ಮೀನು. ಸರೋವರಕ್ಕೆ ಬಿಡುವ ಮೊದಲೇ ಗುರುತಿಗೆ ಅಂತ ಕತ್ತರಿಸಿ ಕಳಿಸಿರುತ್ತಾರೆ. ರೆಕ್ಕೆಗಳೆಲ್ಲ ಇದ್ದರೆ ಅದು ಸರೋವರದಲ್ಲೇ, ಯಾವುದೋ ಕಲ್ಲಿನ ಸಂದಿಯಲ್ಲಿ, ತಾನಾಗಿ ಹುಟ್ಟಿದ್ದು.

ತಾನಾಗಿ ಹುಟ್ಟಿದ ಮೀನು ಅನ್ನೋದು ಅಲ್ಲಿ ಸಣ್ಣ ಸುದ್ದಿಯಲ್ಲ. ಸುಮಾರು ಅರ್ಧ ಶತಮಾನ ಈ ಸರೋವರದಲ್ಲಿ ಸಿಕ್ಕ ಲೇಕ್ ಟ್ರೌಟ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹ್ಯಾಚರಿಯಿಂದ ಲಾರಿಯಲ್ಲಿ ಬಂದವು. ಅದು ಹೇಗಾಯಿತು, ಅದರಲ್ಲಿ ಗಾಳ ಹಾಕುವವರ ಪಾಲೆಷ್ಟು ಅಂತ ತಿಳಿಯಬೇಕಾದರೆ ಒಂದು ಲೆಕ್ಕ ಗೊತ್ತಿರಬೇಕು. ನೂರಕ್ಕೆ ನಲವತ್ತರ ಲೆಕ್ಕ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮೀನನ್ನು ನೋಡೋಣ.

ಉತ್ತರ ಅಮೆರಿಕದ ಐದು ಮಹಾಸರೋವರಗಳಲ್ಲಿ ಮಿಷಿಗನ್ ಒಂದು. ಸುಮಾರು 58,000 ಚದರ ಕಿಲೋಮೀಟರ್ ನೀರು. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಉದ್ದ 490 ಕಿಲೋಮೀಟರ್ ಚಿಲ್ಲರೆ, ಬೆಂಗಳೂರಿಂದ ಬೆಳಗಾವಿಗೆ ರಸ್ತೆಯಲ್ಲಿ ಹೋದಷ್ಟು. ತೀರಾ ಆಳದ ಕಡೆ 281 ಮೀಟರ್. ದಡದಲ್ಲಿ ನಿಂತರೆ ಆಚೆ ದಡ ಕಾಣೋದಿಲ್ಲ, ಅಲೆ ಬಡಿಯುತ್ತಿರುತ್ತದೆ. ನಾಲಿಗೆಗೆ ಉಪ್ಪು ತಗಲೋದಿಲ್ಲ ಅನ್ನೋದು ಬಿಟ್ಟರೆ ನಮ್ಮ ಕಣ್ಣಿಗೆ ಅದು ಸಮುದ್ರವೇ.

ಆ ತಣ್ಣೀರಿನ ತಳದ ಯಜಮಾನ ಲೇಕ್ ಟ್ರೌಟ್. ಹೆಸರಲ್ಲಿ ಟ್ರೌಟ್ ಇದ್ದರೂ ಜಾತಿಯಲ್ಲಿ ಇದು ಚಾರ್ ಎಂಬ ಗುಂಪಿಗೆ ಸೇರಿದ್ದು. ಬೂದು-ಹಸಿರು ಮೈ, ಅದರ ಮೇಲೆಲ್ಲ ಮಾಸಲು ಬಿಳಿ ಚುಕ್ಕೆ, ಆಳವಾಗಿ ಕವಲೊಡೆದ ಬಾಲ. ಹತ್ತು ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರೇ ಇದಕ್ಕೆ ಹಿತ. ಬೇಸಿಗೆಯಲ್ಲಿ ಮೇಲಿನ ನೀರು ಬಿಸಿಯಾದಂತೆ ಇದು ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಅಕ್ಟೋಬರ್-ನವೆಂಬರ್‌ನಲ್ಲಿ, ರಾತ್ರಿ ಹೊತ್ತು, ಕಲ್ಲುಗುಡ್ಡೆಗಳ ಮೇಲೆ ಗುಂಪುಗೂಡಿ ಮೊಟ್ಟೆ ಇಡುತ್ತದೆ. ಗೂಡು ತೋಡುವ ಉಸಾಬರಿ ಇಲ್ಲ. ಮೊಟ್ಟೆ ಕಲ್ಲಿನ ಸಂದಿಗೆ ಉದುರಿ ಬೀಳುತ್ತದೆ, ಚಳಿಗಾಲ ಪೂರ್ತಿ ಅಲ್ಲೇ ಕೂತಿದ್ದು ವಸಂತದಲ್ಲಿ ಒಡೆಯುತ್ತದೆ.

ಈ ಮೀನಿಗೆ ಯಾವುದಕ್ಕೂ ಅವಸರವಿಲ್ಲ. ಬೆಳೆಯೋದು ನಿಧಾನ. ಮೊಟ್ಟೆ ಇಡುವ ಪ್ರಾಯಕ್ಕೆ ಬರೋದಕ್ಕೆ ಆರೇಳು ವರ್ಷ, ಇನ್ನೂ ತಣ್ಣನೆಯ ಕಡೆ ಅದಕ್ಕಿಂತ ಜಾಸ್ತಿ. ಬದುಕೋದೂ ಹಾಗೇ, ಇಪ್ಪತ್ತು ಇಪ್ಪತ್ತೈದು ವರ್ಷದ ಮೀನು ಅಪರೂಪವಲ್ಲ. ಗಾಳಕ್ಕೆ ಸಿಕ್ಕಿದ್ದರಲ್ಲಿ ದಾಖಲೆಯ ಮೀನು 72 ಪೌಂಡಿನದು, 1995ರಲ್ಲಿ ಕೆನಡಾದ ಗ್ರೇಟ್ ಬೇರ್ ಸರೋವರದಲ್ಲಿ. ಅಂದರೆ 32 ಕಿಲೋಗೂ ಮೇಲೆ. ಅಷ್ಟು ಬೆಳೆಯಲು ಎಷ್ಟು ಚಳಿಗಾಲ ಬೇಕು ಅಂತ ಯೋಚಿಸಿ.

ನಿಧಾನದ ಬೆಲೆ

ಈಗ ಲೆಕ್ಕಕ್ಕೆ ಬರೋಣ. ಐದು ವರ್ಷ ವಯಸ್ಸಿನ ಸಾವಿರ ಲೇಕ್ ಟ್ರೌಟ್ ಇವೆ ಅಂದುಕೊಳ್ಳಿ. ವರ್ಷಕ್ಕೆ ನೂರಕ್ಕೆ 40 ಸಾಯುತ್ತವೆ. ಮುಂದಿನ ವರ್ಷ 600 ಉಳಿಯುತ್ತವೆ. ಆಮೇಲೆ 360, ಆಮೇಲೆ 216, ಆಮೇಲೆ 130. ಹತ್ತನೇ ವಯಸ್ಸಿಗೆ 78. ಪ್ರಾಯಕ್ಕೆ ಬಂದು ಮೂರು ನಾಲ್ಕು ಸಲ ಮೊಟ್ಟೆ ಇಟ್ಟ ಹಿರಿಯ ಮೀನುಗಳು ಅಷ್ಟಾದರೂ ಇರುತ್ತವೆ.

ಅದೇ ಸಾವಿರ ಮೀನಿನಲ್ಲಿ ವರ್ಷಕ್ಕೆ ನೂರಕ್ಕೆ 60 ಸತ್ತರೆ? 400, 160, 64, 26, ಕೊನೆಗೆ ಹತ್ತನೇ ವಯಸ್ಸಿಗೆ ಬರೀ 10. ಸಾವು ಒಂದೂವರೆ ಪಟ್ಟು ಆಗಿದೆ ಅಷ್ಟೇ, ಉಳಿದ ಹಿರಿಯರು ಮಾತ್ರ ಎಂಟನೇ ಒಂದು ಭಾಗ. ಎರಡೇ ವರ್ಷಕ್ಕೆ ಮೊಟ್ಟೆ ಇಡುವ ಮೀನಾಗಿದ್ದರೆ ಇದನ್ನು ಹೇಗೋ ತಾಳಿಕೊಳ್ಳುತ್ತಿತ್ತು. ಆರೇಳು ವರ್ಷ ಕಾಯುವ ಮೀನು ತಾಳೋದಿಲ್ಲ.

ಹಾಗಾಗಿ ಮಿಷಿಗನ್ ಸರೋವರದ ಲೇಕ್ ಟ್ರೌಟ್ ನೋಡಿಕೊಳ್ಳುವವರು ಹಾಕಿಕೊಂಡಿರುವ ಗೆರೆ ನೂರಕ್ಕೆ 40. ಕೆಲವು ಕಡೆ 45ರವರೆಗೆ ಬಿಡುತ್ತಾರೆ. ಇದು ಹಿಡಿಯುವ ಮೀನಿನ ಲೆಕ್ಕವಲ್ಲ, ಒಟ್ಟು ಸಾವಿನ ಲೆಕ್ಕ. ಮುದಿತನ, ರೋಗ ಅಂತ ತಾನಾಗಿ ಸಾಯುವ ಮೀನು ಅದರಲ್ಲೇ ಬರಬೇಕು. ಬಲೆ ಹಾಕುವವರ ಪಾಲು ಅದರಲ್ಲೇ. ಗಾಳದವರ ಪಾಲೂ ಅದರಲ್ಲೇ. ಇನ್ನೊಬ್ಬ ಪಾಲುದಾರ ಇದ್ದಾನೆ, ಅವನನ್ನು ಯಾರೂ ಕರೆದಿರಲಿಲ್ಲ. ಸರೋವರದ ಸುತ್ತ ನೂರು ವರ್ಷದಿಂದ ನಡೆದಿರುವ ಜಗಳ, ಕೋರ್ಟು, ವಿಜ್ಞಾನ, ದುಡ್ಡು ಎಲ್ಲ ಈ 40ನ್ನು ಯಾರಿಗೆ ಎಷ್ಟು ಹಂಚೋದು ಅನ್ನೋದರ ಸುತ್ತಲೇ ಸುತ್ತುತ್ತವೆ.

ಆದರೆ ನೀರಿನೊಳಗೆ ಎಷ್ಟು ಸತ್ತವು ಅಂತ ಎಣಿಸೋದು ಹೇಗೆ? ಪ್ರತಿ ವಸಂತದಲ್ಲೂ ಅದೇ ಜಾಗಗಳಲ್ಲಿ, ಅದೇ ಅಳತೆಯ ಕಣ್ಣಿನ ಬಲೆಗಳನ್ನು ಬಿಟ್ಟು ಸಿಕ್ಕಿದ್ದನ್ನು ಎಣಿಸುತ್ತಾರೆ. ಮೀನಿನ ತಲೆಯೊಳಗೆ ಕಿವಿಗಲ್ಲು ಅಂತ ಪುಟ್ಟ ಗಟ್ಟಿ ಚೂರು ಇರುತ್ತದೆ. ಅದನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ಮರದ ಬೊಡ್ಡೆಯ ಹಾಗೆ ಉಂಗುರ ಕಾಣುತ್ತವೆ. ವರ್ಷಕ್ಕೊಂದು ಉಂಗುರ. ಈ ವರ್ಷ ಏಳನೇ ವಯಸ್ಸಿನವು 100 ಸಿಕ್ಕು, ಮುಂದಿನ ವರ್ಷ ಅಷ್ಟೇ ಬಲೆಗೆ ಎಂಟನೇ ವಯಸ್ಸಿನವು 60 ಸಿಕ್ಕರೆ, ನಡುವೆ 40 ಹೋದವು ಅಂತ ಅರ್ಥ. ನಿಜವಾದ ಲೆಕ್ಕ ಇದಕ್ಕಿಂತ ಬಹಳ ಜಟಿಲ, ಕಂಪ್ಯೂಟರ್ ಮಾದರಿಗಳೆಲ್ಲ ಬರುತ್ತವೆ. ಒಳಗಿನ ತಿರುಳು ಮಾತ್ರ ಇಷ್ಟೇ.

ಕರೆಯದೆ ಬಂದ ಪಾಲುದಾರ

1940ರ ದಶಕದ ಮೊದಲ ವರ್ಷಗಳಲ್ಲಿ ಮಿಷಿಗನ್ ಸರೋವರದಿಂದ ಬಲೆಗಾರರು ವರ್ಷಕ್ಕೆ ಸುಮಾರು 60 ಲಕ್ಷ ಪೌಂಡ್, ಹತ್ತಿರ ಹತ್ತಿರ 27 ಲಕ್ಷ ಕಿಲೋ ಲೇಕ್ ಟ್ರೌಟ್ ಎತ್ತುತ್ತಿದ್ದರು. 1950ರ ದಶಕದ ನಡುವಿಗೆ ಬಂದರೆ ಒಂದೂ ಇಲ್ಲ. ಕಡಿಮೆಯಾಯಿತು ಅಂತಲ್ಲ, ಆ ಸರೋವರದಲ್ಲಿ ಆ ಮೀನು ನಿರ್ನಾಮವಾಯಿತು.

ಅತಿಯಾಗಿ ಹಿಡಿದದ್ದು ಒಂದು ಕಾರಣ. ಇನ್ನೊಂದು ಸಮುದ್ರದ ಲ್ಯಾಂಪ್ರೇ. ಇದು ಹಾವುಮೀನಿನ ಹಾಗೆ ಕಾಣುತ್ತದೆ, ಆದರೆ ದವಡೆ ಇಲ್ಲ. ಬಾಯಿ ಅಂದರೆ ದುಂಡಗಿನ ಒಂದು ಬಟ್ಟಲು, ಅದರ ತುಂಬ ಸುತ್ತು ಸುತ್ತಾಗಿ ಹಲ್ಲು, ನಡುವೆ ಅರದಂತಹ ನಾಲಿಗೆ. ಮೀನಿನ ಪಕ್ಕೆಗೆ ಅಂಟಿಕೊಂಡು, ಚರ್ಮ ಕೊರೆದು, ರಕ್ತ ಹೆಪ್ಪುಗಟ್ಟದಂತೆ ಮಾಡಿ ಹೀರುತ್ತದೆ. ಮಲೆನಾಡಿನವರಿಗೆ ಇಂಬಳ ಅಂದರೆ ಗೊತ್ತು. ಮೊಣಕೈಯಷ್ಟು ಉದ್ದದ ಇಂಬಳವನ್ನು ಊಹಿಸಿಕೊಳ್ಳಿ. ವರ್ಷ ಒಂದೂವರೆ ವರ್ಷದ ಹೀರುವ ಕಾಲದಲ್ಲಿ ಒಂದೊಂದು ಲ್ಯಾಂಪ್ರೇ 18 ಕಿಲೋವರೆಗೂ ಮೀನು ಕೊಲ್ಲಬಲ್ಲದು.

ಅಟ್ಲಾಂಟಿಕ್ ಸಾಗರದ ಈ ಪ್ರಾಣಿ ಒಳನಾಡಿನ ಸರೋವರಗಳಿಗೆ ಬಾರದಂತೆ ತಡೆದಿದ್ದು ನಯಾಗರಾ ಜಲಪಾತ. ಆ ಜಲಪಾತವನ್ನು ಬಳಸಿಕೊಂಡು ಹಡಗು ಹೋಗಲಿ ಅಂತ ವೆಲ್ಲಂಡ್ ಕಾಲುವೆ ತೋಡಿದರು, 1829ರಲ್ಲಿ ತೆರೆಯಿತು. ಕಾಲುವೆಯನ್ನು ಆಮೇಲೆ ಅಗಲ ಮಾಡಿದರು, ಆಳ ಮಾಡಿದರು. 1921ರಲ್ಲಿ ಈರಿ ಸರೋವರದಲ್ಲಿ ಲ್ಯಾಂಪ್ರೇ ಕಾಣಿಸಿತು. 1936ರಲ್ಲಿ ಮಿಷಿಗನ್‌ನಲ್ಲಿ, ಮರುವರ್ಷ ಹ್ಯೂರಾನ್‌ನಲ್ಲಿ, ಅದರ ಮರುವರ್ಷ ಸುಪೀರಿಯರ್‌ನಲ್ಲಿ. ಮೊದಲೇ ಬಲೆಯಿಂದ ಸೊರಗಿದ್ದ ನಿಧಾನದ ಮೀನಿಗೆ ಇದು ತಡೆಯಲಾಗದ ಪೆಟ್ಟು. ನೂರಕ್ಕೆ 40ರ ಗೆರೆ ಎಲ್ಲಿ, ಅಲ್ಲಿ ಆಗುತ್ತಿದ್ದದ್ದೆಲ್ಲಿ!

ಅಮೆರಿಕ-ಕೆನಡಾ ಎರಡೂ ಸೇರಿ 1955ರಲ್ಲಿ ಮಹಾಸರೋವರಗಳ ಮೀನುಗಾರಿಕಾ ಆಯೋಗ ಮಾಡಿಕೊಂಡವು. ಹ್ಯೂರಾನ್ ಸರೋವರದ ದಡದಲ್ಲಿ, ಹ್ಯಾಮಂಡ್ ಬೇ ಅನ್ನೋ ಕಡೆಯ ಪ್ರಯೋಗಶಾಲೆಯಲ್ಲಿ ವರ್ನನ್ ಆಪಲ್‌ಗೇಟ್ ಮತ್ತು ಅವರ ತಂಡ ಒಂದಾದ ಮೇಲೊಂದು ರಾಸಾಯನಿಕ ಪರೀಕ್ಷೆ ಮಾಡಿತು. ಜಾಡಿಯಲ್ಲಿ ಎರಡು ಲ್ಯಾಂಪ್ರೇ ಮರಿ, ಜೊತೆಗೆ ಬೇರೆ ಮೀನು, ಅದಕ್ಕೆ ಒಂದು ರಾಸಾಯನಿಕ. ಯಾರು ಸತ್ತರು, ಯಾರು ಉಳಿದರು ಅಂತ ನೋಡೋದು. ಇನ್ನೊಂದು ಜಾಡಿ. ಹೀಗೆ ಸುಮಾರು 6,000. ಕೊನೆಗೆ ಟಿಎಫ್‌ಎಂ ಅನ್ನೋ ಒಂದು ಸಿಕ್ಕಿತು. 1958ರಲ್ಲಿ ಮೊದಲ ಸಲ ಹೊಳೆಗೆ ಹಾಕಿದರು. ಲ್ಯಾಂಪ್ರೇ ಮರಿಗಳು ದೊಡ್ಡವಾಗಿ ಸರೋವರಕ್ಕೆ ಇಳಿಯುವ ಮುಂಚೆ ಕೆಲವು ವರ್ಷ ಹೊಳೆಗಳ ಕೆಸರಿನಲ್ಲಿ ಹೂತುಕೊಂಡಿರುತ್ತವೆ. ಔಷಧ ಬೀಳೋದು ಅಲ್ಲಿಗೆ. ಬೇರೆ ಮೀನುಗಳ ಮೈ ಆ ವಿಷವನ್ನು ಕರಗಿಸಿ ಹೊರಹಾಕುತ್ತದೆ, ಲ್ಯಾಂಪ್ರೇಗೆ ಅದು ಆಗೋದಿಲ್ಲ. ಈ ಒಂದು ಸಣ್ಣ ವ್ಯತ್ಯಾಸದ ಮೇಲೆ ಐದು ಸರೋವರಗಳ ಮೀನುಗಾರಿಕೆ ನಿಂತಿದೆ.

ಲ್ಯಾಂಪ್ರೇ ಸುಮಾರು ನೂರಕ್ಕೆ 90ರಷ್ಟು ಇಳಿಯಿತು. ಪೂರಾ ಹೋಗಿಲ್ಲ, ಹೋಗೋದೂ ಇಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ಹೊಳೆಗಳಿಗೆ ಔಷಧ ಬೀಳುತ್ತಲೇ ಇರಬೇಕು. ಅದು ಎಷ್ಟು ನಿಜ ಅಂತ ಕೋವಿಡ್ ತೋರಿಸಿತು. 2020ರಲ್ಲಿ ಕೆಲಸದವರು ಓಡಾಡಲು ಆಗದೆ ಬಹಳಷ್ಟು ಹೊಳೆಗಳು ಹಾಗೇ ಉಳಿದವು. ಮುಂದಿನ ವರ್ಷಗಳಲ್ಲಿ ಲ್ಯಾಂಪ್ರೇ ಎಣಿಕೆ ಮೇಲೆದ್ದಿತು. ಅಂದಹಾಗೆ, ಈ ಪಾಲುದಾರ ಎಷ್ಟು ತಿನ್ನುತ್ತಿದ್ದಾನೆ ಅನ್ನೋದಕ್ಕೂ ಒಂದು ಅಳತೆ ಇದೆ. ಹಿಡಿದ ದೊಡ್ಡ ಟ್ರೌಟ್‌ಗಳ ಮೈ ಮೇಲೆ ದುಂಡಗಿನ ಹಸಿ ಗಾಯ ಎಣಿಸುತ್ತಾರೆ. ನೂರು ಮೀನಿಗೆ ಐದು ಗಾಯ ದಾಟಬಾರದು ಅನ್ನೋದು ಗುರಿ.

ದಡದ ತುಂಬ ಸತ್ತ ಮೀನು

ಲೇಕ್ ಟ್ರೌಟ್ ಹೋದ ಮೇಲೆ ಸರೋವರ ಖಾಲಿ ಕೂರಲಿಲ್ಲ. ಅದೇ ಕಾಲುವೆ ದಾರಿಯಲ್ಲಿ ಏಲ್‌ವೈಫ್ ಅನ್ನೋ ಅಂಗೈಯುದ್ದದ ಬೆಳ್ಳಿಮೀನು ಬಂತು, ನಮ್ಮ ಕರಾವಳಿಯ ಬೂತಾಯಿಗೆ ದೂರದ ನೆಂಟ. 1949ರಲ್ಲಿ ಮಿಷಿಗನ್‌ನಲ್ಲಿ ಸಿಕ್ಕಿತು. ತಿನ್ನುವವರು ಯಾರೂ ಇಲ್ಲ. 1960ರ ದಶಕದಲ್ಲಿ ಸರೋವರದ ಒಟ್ಟು ಮೀನಿನ ತೂಕದಲ್ಲಿ ಬಹುಪಾಲು ಇದೇ ಆಗಿಹೋಯಿತು. 1967ರ ಬೇಸಿಗೆಯಲ್ಲಿ ಕೋಟಿಗಟ್ಟಲೆ ಒಟ್ಟಿಗೇ ಸತ್ತು ದಡಕ್ಕೆ ಬಿದ್ದವು. ಷಿಕಾಗೋ ನಗರದ ಕಡಲಂಚಿನಂಥ ದಡಗಳಲ್ಲಿ ಬುಲ್ಡೋಜರ್ ತಂದು ಕೊಳೆತ ಮೀನು ತಳ್ಳಬೇಕಾಯಿತು. ಮಳೆಗಾಲದ ಮೀನು ಮಾರ್ಕೆಟ್ಟಿನ ಹಿಂದಿನ ಓಣಿ ನೆನೆಸಿಕೊಳ್ಳಿ, ಅದನ್ನು ನೂರಾರು ಕಿಲೋಮೀಟರ್ ಎಳೆಯಿರಿ.

ಮಿಷಿಗನ್ ರಾಜ್ಯದ ಮೀನು ವಿಭಾಗದ ಮುಖ್ಯಸ್ಥ ಹೊವರ್ಡ್ ಟ್ಯಾನರ್ ಅದಕ್ಕೂ ಒಂದು ವರ್ಷ ಮುಂಚೆಯೇ ಒಂದು ಜೂಜು ಆಡಿದ್ದರು. ಪೆಸಿಫಿಕ್ ಸಾಗರದ ಕೋಹೋ ಸಾಲ್ಮನ್ ಮರಿಗಳನ್ನು 1966ರಲ್ಲಿ ಸರೋವರಕ್ಕೆ ಬಿಟ್ಟರು, ಮರುವರ್ಷ ಚಿನೂಕ್ ಸಾಲ್ಮನ್. ಎರಡೂ ಏಲ್‌ವೈಫ್ ತಿಂದು ದೈತ್ಯವಾಗಿ ಬೆಳೆದವು. ಜನ ಹುಚ್ಚೆದ್ದು ಬಂದರು. ಸಣ್ಣ ದೋಣಿ, ತೆಪ್ಪ, ಕೈಗೆ ಸಿಕ್ಕಿದ್ದು ತಗೊಂಡು ನೀರಿಗಿಳಿದರು. 1967ರ ಸೆಪ್ಟೆಂಬರ್‌ನಲ್ಲಿ ಎದ್ದ ಬಿರುಗಾಳಿಯಲ್ಲಿ ಕೆಲವರು ಪ್ರಾಣವನ್ನೂ ಕಳೆದುಕೊಂಡರು. ಸತ್ತ ಮೀನು ನಾರುತ್ತಿದ್ದ ಊರುಗಳಲ್ಲಿ ಮೋಟೆಲು, ಬೋಟು ಬಾಡಿಗೆ, ಗಾಳದ ಅಂಗಡಿ ತುಂಬಿಕೊಂಡವು. ಇವತ್ತಿನ ಮಹಾಸರೋವರ ಗಾಳದ ಉದ್ಯಮ ಹುಟ್ಟಿದ್ದು ಹೀಗೆ, ಹೊರಗಿನ ಮೀನಿಗೆ ಹೊರಗಿನ ಮೀನು ತಿನ್ನಿಸಿ.

ಇದರ ನಡುವೆ 1965ರಿಂದ ಲೇಕ್ ಟ್ರೌಟ್ ಮರಿ ಬಿತ್ತನೆಯೂ ಶುರುವಾಗಿತ್ತು. ವರ್ಷ ವರ್ಷ ಲಕ್ಷಗಟ್ಟಲೆ ಮರಿ. ಅವು ಬೆಳೆದವು, ದಪ್ಪಗಾದವು, ಶರತ್ಕಾಲದಲ್ಲಿ ಮೊಟ್ಟೆಯನ್ನೂ ಇಟ್ಟವು. ಮರಿ ಮಾತ್ರ ಕಾಣಲಿಲ್ಲ. ಒಂದು ವರ್ಷವಲ್ಲ, ದಶಕಗಟ್ಟಲೆ.

ಕಾರಣ ಹುಡುಕಿದವರಿಗೆ ಒಂದಲ್ಲ, ಹಲವು ಸಿಕ್ಕವು. ದಡದ ಲಾರಿಯಿಂದ ಸುರಿದ ಮರಿಗಳಿಗೆ ನಡುಸರೋವರದ ಹಳೆಯ ಕಲ್ಲುಗುಡ್ಡೆಗಳ ದಾರಿ ಗೊತ್ತಿರಲಿಲ್ಲ. ಬಂದರಿನ ಅಲೆಗೋಡೆ ಹತ್ತಿರವೇ ಮೊಟ್ಟೆ ಇಡುತ್ತಿದ್ದವು. ಮೊಟ್ಟೆಯಿಂದ ಬಂದ ಮರಿಗಳನ್ನು ಏಲ್‌ವೈಫ್ ತಿನ್ನುತ್ತಿತ್ತು. ಎಲ್ಲಕ್ಕಿಂತ ವಿಚಿತ್ರ ಕಾರಣ ಮಾತ್ರ ವಿಟಮಿನ್. ಏಲ್‌ವೈಫ್ ಮೈಯಲ್ಲಿ ಬಿ1 ವಿಟಮಿನ್ನನ್ನು ಮುರಿದುಹಾಕುವ ಒಂದು ಕಿಣ್ವ ಇದೆ. ಅದನ್ನೇ ತಿಂದುಕೊಂಡಿರುವ ತಾಯಿ ಟ್ರೌಟ್‌ನ ಮೊಟ್ಟೆಯಲ್ಲಿ ಬಿ1 ಸಾಲದು. ಮರಿ ಒಡೆದು ಬರುತ್ತದೆ, ಗಿರಗಿರನೆ ಸುತ್ತುತ್ತಾ ಈಜುತ್ತದೆ, ಸಾಯುತ್ತದೆ. ಪಾಲಿಶ್ ಅಕ್ಕಿಯನ್ನೇ ತಿಂದವರಿಗೆ ಬರುತ್ತಿದ್ದ ಬೆರಿಬೆರಿ ಇದೆಯಲ್ವಾ, ಅದೇ ಬಿ1 ಕೊರತೆ. ಇಂಥ ಮರಿಗಳನ್ನು ಪ್ರಯೋಗಶಾಲೆಯಲ್ಲಿ ಬಿ1 ಕರಗಿಸಿದ ನೀರಲ್ಲಿ ಅದ್ದಿದರೆ ಚೇತರಿಸಿಕೊಳ್ಳುತ್ತಿದ್ದವು.

ಹೊಟ್ಟೆ ತುಂಬ ಊಟ, ವಂಶಕ್ಕೆ ವಿಷ. ಇದಕ್ಕೆ ದೊಡ್ಡ ಸಾಕ್ಷಿ ಪಕ್ಕದ ಹ್ಯೂರಾನ್ ಸರೋವರ. 2003-04ರ ಹೊತ್ತಿಗೆ ಅಲ್ಲಿ ಏಲ್‌ವೈಫ್ ಕುಸಿದುಬಿತ್ತು. ಅದನ್ನೇ ನಂಬಿದ್ದ ಚಿನೂಕ್ ಸಾಲ್ಮನ್ ಕೂಡ ಬಿತ್ತು, ಅದನ್ನು ನಂಬಿದ್ದ ಬೋಟಿನವರ ಕಸುಬೂ ಬಿತ್ತು. ಲೇಕ್ ಟ್ರೌಟ್ ಮಾತ್ರ ಮರಿ ಹಾಕತೊಡಗಿತು.

ಮರಿ ಬಿಟ್ಟರೆ ಮೀನು ವಾಪಸ್ ಬರುತ್ತದೆ ಅನ್ನೋದು ನಾವೂ ನಂಬಿರುವ ಮಾತು. ಕಾವೇರಿಯ ಗೂನು ಬೆನ್ನಿನ ಬಿಳಿಮೀನು, ಅಂದರೆ ಮಹಶೀರ್, ಇರುವ ಹೊಳೆಗೆ ಬೇರೆ ಜಾತಿಯ ಹ್ಯಾಚರಿ ಮಹಶೀರ್ ಬಿಟ್ಟರು. ಬಂದ ಮೀನು ಹೊಳೆ ತುಂಬಿತು, ಇದ್ದ ಮೀನು ಅಳಿವಿನ ಅಂಚಿಗೆ ಹೋಯಿತು. ಅದು ಗೊತ್ತಾಗಿದ್ದು ಬಹುಪಾಲು ಗಾಳದ ಶಿಬಿರಗಳು ಬರೆದಿಟ್ಟಿದ್ದ ಹಳೆಯ ದಿನಚರಿಗಳಿಂದ. ಗಾಳದವರ ಪುಸ್ತಕಕ್ಕೆ ಎಷ್ಟು ಬೆಲೆ ಇದೆ ಅನ್ನೋದಕ್ಕೆ ಇದೊಂದು ಉದಾಹರಣೆ ಸಾಕು.

ಗಾಳದ ತುದಿಯಲ್ಲಿ

ಈಗ ಬೋಟು ಹತ್ತೋಣ. ಜುಲೈ ಬೆಳಗಿನ ಜಾವ, ದಡದಿಂದ ಕೆಲವು ಕಿಲೋಮೀಟರ್ ಒಳಗೆ. ಮೇಲಿನ ನೀರು ಬೆಚ್ಚಗಿದೆ, ಟ್ರೌಟ್ 40 ಮೀಟರ್ ಕೆಳಗೆ ತಳಕ್ಕೆ ಹತ್ತಿ ಮಲಗಿದೆ. ಅಲ್ಲಿಗೆ ಗಾಳ ಇಳಿಸೋದು ಹೇಗೆ? ಬೋಟಿನ ಹಿಂಭಾಗದಲ್ಲಿ ಡೌನ್‌ರಿಗರ್ ಅಂತ ಒಂದು ರಾಟೆ. ಅದರ ತಂತಿಯ ತುದಿಗೆ ನಾಲ್ಕೈದು ಕಿಲೋ ಭಾರದ ಗುಂಡು. ಗಾಳದ ದಾರವನ್ನು ಗುಂಡಿನ ಬಳಿ ಒಂದು ಕ್ಲಿಪ್ಪಿಗೆ ಸಿಕ್ಕಿಸಿ ಕೆಳಗಿಳಿಸುತ್ತಾರೆ. ಗುಂಡು ತಳದ ಮರಳನ್ನು ಆಗಾಗ ತಟ್ಟುವಷ್ಟು ಆಳ. ಬೋಟು ನಡೆದುಹೋಗುವ ವೇಗಕ್ಕಿಂತ ಕೊಂಚ ಜೋರು ಅಷ್ಟೇ. ಹೊಳೆಯುವ ತಗಡು, ಅದರ ಹಿಂದೆ ತಿರುಗುವ ಸಣ್ಣ ಬಣ್ಣದ ಚಕ್ರ, ಅದರ ಹಿಂದೆ ಕೊಕ್ಕೆ. ಮೀನು ಕಚ್ಚಿದರೆ ದಾರ ಕ್ಲಿಪ್ಪಿನಿಂದ ಕಳಚಿಕೊಳ್ಳುತ್ತದೆ, ಬಗ್ಗಿ ನಿಂತಿದ್ದ ಕಡ್ಡಿ ಟಪ್ ಅಂತ ನೆಟ್ಟಗಾಗುತ್ತದೆ.

ಸಾಲ್ಮನ್ ಆದರೆ ಓಡುತ್ತದೆ, ಹಾರುತ್ತದೆ, ರೀಲು ಕಿರುಚುತ್ತದೆ. ಲೇಕ್ ಟ್ರೌಟ್ ಹಾಗಲ್ಲ. ಬೇಡ ಬೇಡ ಅನ್ನುವವರ ಹಾಗೆ ತಲೆ ಆಡಿಸುತ್ತಾ ಭಾರವಾಗಿ ಮೇಲೆ ಬರುತ್ತದೆ. ಕೊಬ್ಬು ಜಾಸ್ತಿ ಅಂತ ಸಾಲ್ಮನ್ ಹುಚ್ಚಿನವರು ಇದಕ್ಕೆ ಜಿಡ್ಡಿನ ಮೀನು ಅಂತ ಅಡ್ಡಹೆಸರು ಇಟ್ಟಿದ್ದಾರೆ. ನನಗನ್ನಿಸೋದು, ಇದು ಅನ್ಯಾಯದ ಹೆಸರು. ಆ ಕೊಬ್ಬೇ ಆ ತಣ್ಣೀರಲ್ಲಿ ಅದನ್ನು ಇಪ್ಪತ್ತು ವರ್ಷ ಉಳಿಸೋದು. ಹೊಗೆ ಹಾಕಿ ಒಣಗಿಸಿದರೆ ಅಲ್ಲಿನವರೇ ಚಪ್ಪರಿಸಿ ತಿನ್ನುತ್ತಾರೆ.

ದಡಕ್ಕೆ ಬಂದರೆ ಇಲಾಖೆಯ ಎಣಿಕೆಯವರು ಕಾದಿರಬಹುದು, ಕೈಯಲ್ಲಿ ಅಳತೆಹಲಗೆ ಹಿಡಿದು. ಎಷ್ಟು ಗಂಟೆ ನೀರಲ್ಲಿದ್ದಿರಿ, ಎಷ್ಟು ಕಡ್ಡಿ, ಎಷ್ಟು ಹಿಡಿದಿರಿ, ಎಷ್ಟು ಬಿಟ್ಟಿರಿ. ಬರೀ ಎಷ್ಟು ಮೀನು ಅಂತ ಕೇಳಿದರೆ ಲೆಕ್ಕ ಸಿಗೋದಿಲ್ಲ. ಒಂದು ಗಂಟೆಗೆ ಎಷ್ಟು ಅನ್ನೋದೇ ಮುಖ್ಯ. ಹತ್ತು ಬೋಟು ನೂರು ಮೀನು ತಂದರೆ ಒಂದು ಅರ್ಥ, ನೂರು ಬೋಟು ನೂರು ಮೀನು ತಂದರೆ ಬೇರೆಯೇ ಅರ್ಥ. ಬೆನ್ನ ಮೇಲಿನ ಪುಟ್ಟ ರೆಕ್ಕೆ ಇಲ್ಲದ ಮೀನಾದರೆ ತಲೆಯನ್ನೂ ಕೇಳಿ ಪಡೆಯುತ್ತಾರೆ. ಮೂತಿಯೊಳಗೆ ಒಂದು ಮಿಲಿಮೀಟರ್ ಉದ್ದದ ತಂತಿಚೂರು ಇರುತ್ತದೆ, ಕೂದಲಿನಂತೆ ಸಣ್ಣದು. ಅದರ ಮೇಲೆ ಕೊರೆದ ಸಂಖ್ಯೆಯನ್ನು ಸೂಕ್ಷ್ಮದರ್ಶಕದಲ್ಲಿ ಓದಿದರೆ ಮೀನಿನ ಜಾತಕ ಸಿಗುತ್ತದೆ: ಯಾವ ಹ್ಯಾಚರಿ, ಯಾವ ವರ್ಷ, ಎಲ್ಲಿ ಬಿಟ್ಟದ್ದು.

ಇನ್ನು ಹಿಡಿದು ಬಿಡುವ ವಿಷಯ. ಬಿಟ್ಟರೆ ಪುಣ್ಯ ಬಂತು ಅಂದುಕೊಳ್ಳೋದು ಸುಲಭ. ಆದರೆ 40 ಮೀಟರ್ ಆಳದ ತಣ್ಣೀರಿಂದ ಎಳೆದು, ಆಗಸ್ಟಿನ ಬೆಚ್ಚನೆಯ ಮೇಲ್ನೀರಲ್ಲಿ ಕೊಕ್ಕೆ ಬಿಡಿಸಿ, ಫೋಟೋ ತೆಗೆದು ಬಿಟ್ಟ ಮೀನುಗಳಲ್ಲಿ ಕೆಲವು ಆಮೇಲೆ ಕಾಣದ ಕಡೆ ಸಾಯುತ್ತವೆ. ಈ ಮೀನು ಗಾಳಿಚೀಲದ ಗಾಳಿಯನ್ನು ಬಾಯಿಂದ ತೇಗಿ ಬಿಡಬಲ್ಲದು, ಅದು ಪುಣ್ಯ. ಬಿಸಿನೀರಿಗೆ ಮಾತ್ರ ಉಪಾಯವಿಲ್ಲ. ಹಾಗಾಗಿ 40ರ ಲೆಕ್ಕ ಹಾಕುವಾಗ ಬಿಟ್ಟ ಮೀನಿನಲ್ಲೂ ಒಂದು ಪಾಲನ್ನು ಸತ್ತದ್ದು ಅಂತಲೇ ಬರೆದುಕೊಳ್ಳುತ್ತಾರೆ. ಕಾನೂನಿನ ಮಿತಿಯಷ್ಟು ಹಿಡಿದಾಯಿತೋ, ಆಮೇಲೂ ಸುಮ್ನೆ ಖುಷಿಗೆ ಹಿಡಿದು ಬಿಡುತ್ತಾ ಕೂರಬೇಡಿ ಅಂತ ತಿಳಿದವರು ಹೇಳೋದು ಇದಕ್ಕೇ.

ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಕಾರ್ಖಾನೆಗಳಿಂದ ಬಂದ ಪಿಸಿಬಿ ಎಂಬ ರಾಸಾಯನಿಕ ಕೊಬ್ಬಿನಲ್ಲಿ ಕೂರುತ್ತದೆ. ಅಮೆರಿಕದಲ್ಲಿ ಅದರ ತಯಾರಿಕೆ 1979ರಲ್ಲಿ ನಿಂತಿತು, ಸರೋವರದ ತಳದಿಂದ ಇನ್ನೂ ಹೋಗಿಲ್ಲ. ಹಳೆಯ, ದೊಡ್ಡ, ಕೊಬ್ಬಿದ ಮೀನಿನಲ್ಲಿ ಅದು ಜಾಸ್ತಿ. ಹಾಗಾಗಿ ದೊಡ್ಡ ಮೀನು ಅಪರೂಪಕ್ಕೆ ತಿನ್ನಿ, ಚರ್ಮ ಮತ್ತು ಕೊಬ್ಬು ತೆಗೆದು ಬೇಯಿಸಿ ಅಂತ ಅಲ್ಲಿನ ಆರೋಗ್ಯ ಇಲಾಖೆಗಳು ಸಲಹೆ ಕೊಡುತ್ತವೆ. ಮೊಟ್ಟೆಯ ಲೆಕ್ಕದಲ್ಲಿ ನೋಡಿದರೂ ಆ ದೊಡ್ಡ ಹೆಣ್ಣುಮೀನೇ ಚಿನ್ನ.

ಗಾಳದವರಷ್ಟೇ ಅಲ್ಲ, ಬಲೆಯವರೂ ಇದ್ದಾರೆ. ಅಲ್ಲಿನ ಮೂಲನಿವಾಸಿಗಳು 1836ರ ಒಪ್ಪಂದದಲ್ಲಿ ಭೂಮಿ ಬಿಟ್ಟುಕೊಟ್ಟಾಗ ಮೀನು ಹಿಡಿಯುವ ಹಕ್ಕನ್ನು ಬಿಟ್ಟುಕೊಟ್ಟಿರಲಿಲ್ಲ. 1979ರಲ್ಲಿ ನ್ಯಾಯಾಧೀಶ ನೋಯೆಲ್ ಫಾಕ್ಸ್ ಅದನ್ನು ಎತ್ತಿಹಿಡಿದರು. ಆಮೇಲೆ 1985, 2000, 2023ರಲ್ಲಿ ಬುಡಕಟ್ಟುಗಳು, ರಾಜ್ಯ, ಕೇಂದ್ರ ಕೂತು ಹಂಚಿಕೆಯ ಒಪ್ಪಂದ ಮಾಡಿಕೊಂಡಿವೆ. ಯಾವ ವಲಯದಲ್ಲಿ ಯಾರಿಗೆ ಎಷ್ಟು ಪೌಂಡ್, ಯಾವ ಬಲೆ ಎಲ್ಲಿ. ಬುಡಕಟ್ಟಿನವರಿಗೆ ಮುಖ್ಯವಾಗಿ ಬೇಕಾದದ್ದು ವೈಟ್‌ಫಿಶ್, ಟ್ರೌಟ್ ಆ ಬಲೆಗೆ ಜೊತೆಯಲ್ಲಿ ಬಂದು ಬೀಳುತ್ತದೆ. ಗಾಳದವರು ಬಲೆಯ ಕಡೆ ಬೆರಳು ತೋರಿಸುತ್ತಾರೆ, ಬಲೆಯವರು ಗಾಳದ ಕಡೆ. ಈ ಮೀನಿನ ವೈಜ್ಞಾನಿಕ ಹೆಸರಲ್ಲಿ ಬರುವ ನಮಯ್ಕುಶ್ ಅನ್ನೋ ಪದವೇ ಅಲ್ಲಿನ ಮೂಲನಿವಾಸಿಗಳ ನುಡಿಯಿಂದ ಬಂದದ್ದು ಅನ್ನೋದನ್ನು ಜಗಳದ ನಡುವೆ ಯಾರು ನೆನೆಸಿಕೊಳ್ಳುತ್ತಾರೋ.

ಈಚೆಗೆ ಹೊಸ ತಂಟೆ ಬೇರೆ. ಹಡಗುಗಳ ನೀರಿನಲ್ಲಿ ಬಂದ ಕ್ವಾಗಾ ಚಿಪ್ಪುಜೀವಿ ಸರೋವರದ ತಳಕ್ಕೆಲ್ಲ ಹಾಸಿಕೊಂಡು, ನೀರಲ್ಲಿ ತೇಲುವ ಆಹಾರವನ್ನು ಸೋಸಿ ತಿಂದು ಮುಗಿಸುತ್ತಿದೆ. ಏಲ್‌ವೈಫ್ ಕಡಿಮೆಯಾಗಿದೆ. ತಿನ್ನುವ ಬಾಯಿ ಜಾಸ್ತಿ, ಊಟ ಕಡಿಮೆ ಅಂತ 2013ರಲ್ಲಿ ಚಿನೂಕ್ ಬಿತ್ತನೆಯನ್ನು ಸುಮಾರು ಅರ್ಧಕ್ಕೆ ಇಳಿಸಿದರು. ಸಾಲ್ಮನ್ ಬೋಟಿನವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ: ಟ್ರೌಟ್ ಕೂಡ ಅದನ್ನೇ ತಿನ್ನುತ್ತದೆ, ಅದರ ಬಿತ್ತನೆ ಯಾಕೆ ಇಳಿಸಲ್ಲ? ಅದನ್ನೂ ಆಮೇಲೆ ಇಳಿಸಿದರು. ಮಿಷಿಗನ್‌ನಲ್ಲೂ ರೆಕ್ಕೆ ಇರುವ ಮೀನು ಈಗ ಹೆಚ್ಚು ಹೆಚ್ಚು ಸಿಗುತ್ತಿದೆ. ಏಲ್‌ವೈಫ್ ಅಷ್ಟಾಗಿ ಬೇರೂರದ, ಮೂಲ ಟ್ರೌಟ್ ಅಲ್ಲಲ್ಲಿ ಉಳಿದುಕೊಂಡಿದ್ದ ಸುಪೀರಿಯರ್ ಸರೋವರದಲ್ಲಂತೂ, ಬಹುಪಾಲು ಕಡೆ ಲೇಕ್ ಟ್ರೌಟ್ ಪೂರ್ತಿ ಚೇತರಿಸಿದೆ ಅಂತ ಮೀನುಗಾರಿಕಾ ಆಯೋಗ 2024ರ ನವೆಂಬರ್‌ನಲ್ಲಿ ಸಾರಿತು.

ಅದೇ ಮೀನು, ಬೇರೆ ಸರೋವರ

1890ರಲ್ಲಿ, ಲ್ಯಾಂಪ್ರೇ ಬರುವ ಎಷ್ಟೋ ಮುಂಚೆ, ಮಿಷಿಗನ್ ಸರೋವರದ ಟ್ರೌಟ್ ಮರಿಗಳನ್ನು ದೂರದ ವಯೋಮಿಂಗ್‌ಗೆ, ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಲೂಯಿಸ್ ಸರೋವರಕ್ಕೆ ಒಯ್ದು ಬಿಟ್ಟಿದ್ದರು. ಮಿಷಿಗನ್‌ನಲ್ಲಿ ವಂಶ ಅಳಿದಾಗ ಅದರ ಒಂದು ಕವಲು ಅಲ್ಲಿ ಬದುಕಿತ್ತು. ಆ ಕವಲಿನ ಮರಿಗಳನ್ನು ಆಮೇಲೆ ಮಿಷಿಗನ್‌ಗೇ ವಾಪಸ್ ತಂದು ಬಿತ್ತಿದರು. ತವರಿಗೆ ಮರಳಿದ ಹಾಗೆ.

ಆದರೆ ಅದೇ ಲೂಯಿಸ್ ಸರೋವರದಿಂದ ಯಾರೋ ಕದ್ದುಮುಚ್ಚಿ ಪಕ್ಕದ ಯೆಲ್ಲೋಸ್ಟೋನ್ ಸರೋವರಕ್ಕೂ ಈ ಮೀನನ್ನು ಸಾಗಿಸಿದರು. 1994ರಲ್ಲಿ ಒಂದು ಗಾಳಕ್ಕೆ ಸಿಕ್ಕಾಗ ಗುಟ್ಟು ರಟ್ಟಾಯಿತು. ಅಲ್ಲಿನ ಮೂಲಮೀನು ಕಟ್‌ಥ್ರೋಟ್ ಟ್ರೌಟ್. ಕತ್ತಿನಡಿ ಕೆಂಪು ಗೀರು ಇರುವ ಮೀನು, ಮೊಟ್ಟೆ ಇಡಲು ಸಣ್ಣ ತೊರೆಗಳಿಗೆ ಹತ್ತುತ್ತದೆ. ಅಲ್ಲಿ ಕರಡಿ, ನೀರುನಾಯಿ, ಮೀನುಗಿಡುಗ ಎಲ್ಲ ಕಾದಿರುತ್ತವೆ. ಲೇಕ್ ಟ್ರೌಟ್ ಕಟ್‌ಥ್ರೋಟ್ ತಿನ್ನುತ್ತದೆ, ತಾನು ಮಾತ್ರ ತೊರೆಗೆ ಬಾರದೆ ಆಳದಲ್ಲೇ ಇರುತ್ತದೆ. ಕರಡಿಗೆ ಅದು ಸಿಗೋದಿಲ್ಲ. ಕ್ಲಿಯರ್ ಕ್ರೀಕ್ ಎಂಬ ಒಂದೇ ತೊರೆಗೆ 1978ರಲ್ಲಿ 70,000 ಮೀರಿ ಕಟ್‌ಥ್ರೋಟ್ ಹತ್ತಿದ್ದವು. 2007ರಲ್ಲಿ ಸುಮಾರು 500. ಬರಗಾಲ, ಒಂದು ಪರೋಪಜೀವಿ ರೋಗ ಕೂಡ ಸೇರಿಕೊಂಡಿದ್ದವು ನಿಜ.

ಇಲ್ಲಿ ಲೆಕ್ಕ ತಲೆಕೆಳಗು. 40ರ ಗೆರೆ ದಾಟಬಾರದು ಅನ್ನೋದಲ್ಲ, ದಾಟಲೇಬೇಕು. ಅದಕ್ಕಾಗಿ 1995ರಿಂದ ಬಲೆ ಬಿಡುತ್ತಿದ್ದಾರೆ. ಇದುವರೆಗೆ 40 ಲಕ್ಷಕ್ಕೂ ಹೆಚ್ಚು ಲೇಕ್ ಟ್ರೌಟ್ ತೆಗೆದಿದ್ದಾರೆ. ಕೆಲವು ಮೀನಿನ ಮೈಯೊಳಗೆ ರೇಡಿಯೊ ಇಟ್ಟು ಬಿಡುತ್ತಾರೆ. ಅವು ಮೊಟ್ಟೆ ಇಡುವ ಗುಟ್ಟಿನ ಜಾಗಕ್ಕೆ ಹೋದಾಗ ಉಳಿದವು ಎಲ್ಲಿವೆ ಅಂತ ತಿಳಿಯುತ್ತದೆ. ಲಂಕೆಯ ಗುಟ್ಟು ಬಿಟ್ಟುಕೊಟ್ಟ ವಿಭೀಷಣನ ಕೆಲಸ, ಪಾಪ ತಿಳಿಯದೆ. ಮೊಟ್ಟೆ ಇಟ್ಟ ಕಲ್ಲುಗಳ ಮೇಲೆ ಸಸ್ಯಜನ್ಯ ಉಂಡೆ ಸುರಿದು, ಅದು ಕೊಳೆತು ಆಮ್ಲಜನಕ ಮುಗಿಯುವಂತೆ ಮಾಡಿ ಮೊಟ್ಟೆಗಳನ್ನೂ ಕೊಲ್ಲುತ್ತಾರೆ. ಕಟ್‌ಥ್ರೋಟ್ ಈಗ ನಿಧಾನಕ್ಕೆ ಏಳುತ್ತಿದೆ. ಮೊಂಟಾನಾದ ಫ್ಲಾಟ್‌ಹೆಡ್ ಸರೋವರದಲ್ಲಿ ಅಲ್ಲಿನ ಬುಡಕಟ್ಟುಗಳು ಇದೇ ಮೀನು ಕಡಿಮೆ ಮಾಡಲೆಂದು ಬಹುಮಾನದ ಗಾಳ ಸ್ಪರ್ಧೆಯನ್ನೇ ನಡೆಸುತ್ತವೆ.

ಯೆಲ್ಲೋಸ್ಟೋನ್ ಸರೋವರದಲ್ಲಿ ಗಾಳ ಹಾಕುವವರಿಗೆ ನಿಯಮ ಬಹಳ ಸರಳ. ಕಟ್‌ಥ್ರೋಟ್ ಸಿಕ್ಕರೆ ಹುಷಾರಾಗಿ ವಾಪಸ್ ನೀರಿಗೆ. ಲೇಕ್ ಟ್ರೌಟ್ ಸಿಕ್ಕರೆ ಕೊಲ್ಲಲೇಬೇಕು, ಸಣ್ಣದೋ ದೊಡ್ಡದೋ ಕೇಳುವಂತಿಲ್ಲ, ಇಷ್ಟೇ ಅನ್ನುವ ಮಿತಿಯೂ ಇಲ್ಲ. ಬೇಕಾದರೆ ಮನೆಗೆ ಒಯ್ದು ತಿನ್ನಬಹುದು. ಬೇಡದಿದ್ದರೆ ಗಾಳಿಚೀಲಕ್ಕೆ ಚೂರಿ ಚುಚ್ಚಿ, ಆದಷ್ಟು ಆಳದ ನೀರಿಗೆ ಹಾಕಬೇಕು, ತೇಲದೆ ಮುಳುಗಲಿ ಅಂತ. ಬೆನ್ನ ಮೇಲಿನ ಪುಟ್ಟ ರೆಕ್ಕೆಯನ್ನು ಅಲ್ಲಿ ಯಾರೂ ನೋಡೋದಿಲ್ಲ. ಅಲ್ಲಿ ಸಿಗುವ ಎಲ್ಲದಕ್ಕೂ ಅದು ಇದ್ದೇ ಇರುತ್ತದೆ.